ಒಂದೆಳೆ ಓರೆ

ಮೋಟಾರು ಸುತ್ತುವವನು ನಾನು, ಶಿಡ್ಲಘಟ್ಟದಲ್ಲಿ.
ತಾಮ್ರದ ತಂತಿ, ವಾರ್ನಿಷಿನ ವಾಸನೆ, ಸುಟ್ಟ ಬೆರಳು.
ಶಂಷಾದಕ್ಕ ತಂದಿಟ್ಟದ್ದು ಮೋಟಾರಲ್ಲ,
ಹಳೇ ದುಪಟ್ಟಾದಲ್ಲಿ ಸುತ್ತಿದ ಕಬ್ಬಿಣದ ಡಬ್ಬಿ,
ಇಟ್ಟಿಗೆಯಷ್ಟು ತೂಕ, ಬಾಯಿಗೊಂದು ಅಗುಳಿ.
"ಫ್ಲಾಪಿ ಡ್ರೈವು. ಇದೂ ಸುತ್ತೋದೇ ಅಲ್ವಾ ತಮ್ಮಾ,
ನೋಡು."

ನೋಡಿದೆ. ಮೂರು ವಾರ ನೋಡಿದೆ.
ಬೆಲ್ಟು ಕರಗಿ ಟಾರಾಗಿತ್ತು.
ಹಳಿಯ ಮೇಲಿನ ಗ್ರೀಸು ಹಲಸಿನ ಮೇಣದಂತೆ ಕಚ್ಚಿ
ತಲೆ ಹಿಂದೂ ಇಲ್ಲ ಮುಂದೂ ಇಲ್ಲ.
ಆ ತಲೆಯ ಮೇಲೆ ಕಂದು ಪುಡಿ,
ಡಿಸ್ಕಿನಿಂದ ಕೆರೆದುಕೊಂಡದ್ದು;
ತುಕ್ಕು ಅನ್ನಬಹುದು, ಯಾರದೋ ಲೆಕ್ಕ ಅಂತಲೂ ಅನ್ನಬಹುದು.
ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವಾಗ
ಎಳೆಗೂಸಿನ ಕಿವಿ ಒರೆಸುವವನ ಹಾಗೆ ಉಸಿರು ಹಿಡಿದೆ.

ಅಡಿಯಲ್ಲೊಂದು ಚಕ್ರ, ಅದರ ಮೇಲೆ ಸುತ್ತ ಗೆರೆಗಳು.
ನಿಮಿಷಕ್ಕೆ ಸರಿಯಾಗಿ ಮುನ್ನೂರು ಸುತ್ತು ಬಿದ್ದರೆ
ಟ್ಯೂಬ್‌ಲೈಟಿನ ಕೆಳಗೆ ಗೆರೆಗಳು ನಿಂತ ಹಾಗೆ ಕಾಣಬೇಕು,
ಓಡುತ್ತಲೇ ಇದ್ದು ನಿಂತ ಹಾಗೆ.
ನನ್ನ ಅಂಗಡಿಯ ಎಲ್‌ಇಡಿ ಬಲ್ಬಿಗೆ ಆ ವಿದ್ಯೆ ಬಾರದು.
ಪಕ್ಕದ ಬಿಚ್ಚಾಣಿಕೆ ಶೆಡ್ಡಿನಲ್ಲಿ,
ಬೆಂದ ಹುಳುವಿನ ನಾತದಲ್ಲಿ, ಬಿಸಿನೀರಿನ ಹಬೆಯಲ್ಲಿ,
ಹಳೇ ಚೋಕಿನ ಟ್ಯೂಬೊಂದು ಗುಂಯ್ ಅನ್ನುತ್ತಿತ್ತು.
ಸಪ್ಲೈ ಸಮೇತ ಹೊತ್ತೊಯ್ದು ಅದರಡಿ ಹಿಡಿದೆ.
ಸ್ಕ್ರೂ ತಿರುಗಿಸಿದೆ. ಗೆರೆಗಳು ಹಿಂದೆ ಸರಿದವು,
ಮುಂದೆ ಸರಿದವು, ನಿಂತವು.
ಗೂಡಿನ ಎಳೆ ಹುಡುಕುತ್ತಿದ್ದ ಚೌಡಮ್ಮ ಬಗ್ಗಿ ನೋಡಿ
"ಕೆಟ್ಟೋಯ್ತಾ?" ಅಂದಳು.

ಆಮೇಲೆ ತಲೆಯನ್ನು ನೇರ ಮಾಡುವ ಕೆಲಸ.
ಚಿಂತಾಮಣಿಯ ರೆಡ್ಡಪ್ಪ ಮೇಷ್ಟರ ಅಟ್ಟದಿಂದ
ಪಿ.ಸಿ., ಆಸಿಲೋಸ್ಕೋಪು, ಅಳತೆಯ ಡಿಸ್ಕು,
ಎಲ್ಲ ಒಂದೇ ಆಟೋದಲ್ಲಿ ಬಂದವು.
ಬೆಕ್ಕಿನ ಕಣ್ಣಿನಂಥ ಎರಡು ಅಲೆ ಸಮನಾಗುವ ತನಕ
ತಲೆಯನ್ನು ಸರಿಸಿದೆ, ಬಿಗಿದೆ. ನೇರ.
ನೇರವಾದ ಡ್ರೈವು ಶಂಷಾದಕ್ಕನ ಡಿಸ್ಕುಗಳಲ್ಲಿ
ಜನವರಿಯನ್ನು ಓದಿತು, ಫೆಬ್ರವರಿಯನ್ನು ಓದಿತು,
ಮಾರ್ಚಿಗೆ ಬಂದು ಟಕ್ ಟಕ್ ಟಕ್ ಎಂದು
ಬಾಗಿಲು ತಟ್ಟಿ ತಟ್ಟಿ ವಾಪಸಾಯಿತು.

"ಮಾರ್ಚಲ್ಲಿ ಏನಾಯ್ತಕ್ಕಾ?"
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಮೇಜಿನಿಂದ ಬಿತ್ತು. ನಾನೇ ಬೀಳಿಸಿದ್ದು, ಯಾರಿಗೂ ಹೇಳಲಿಲ್ಲ.
ಆಮೇಲೆ ಹಳೇ ಡಿಸ್ಕು ಹಾಕಿದ್ರೆ ಮುನಿಸು,
ಹೊಸದು ಹಾಕಿದ್ರೆ ಚೆನ್ನಾಗೇ ನಡೀತಿತ್ತು."

ನಡೆಯದೇನು. ಬಿದ್ದದ್ದು ಓರೆಯಾಗಿ ಬರೆಯಿತು,
ಓರೆಯಾಗಿ ಓದಿಕೊಂಡಿತು,
ತನ್ನ ಮಟ್ಟಿಗೆ ಅದು ನೇರವೇ.
ಹಳೇ ಜಾಗಕ್ಕೊಂದು ಗುರುತು ಕೂಡ ಹಾಕದೆ
ಕೆಡಿಸಿದವನು ನಾನು.
ಮತ್ತೆ ಸಡಿಲಿಸಿದೆ. ಒಂದೆಳೆ ಆಚೆ, ಒಂದೆಳೆ ಈಚೆ.
ಸರಿಗೆ ಇದ್ದದ್ದು ಒಂದೇ ಜಾಗ; ತಪ್ಪಿಗೆ ಎಷ್ಟೋ.
ಅಷ್ಟರಲ್ಲಿ ಅವಳದನ್ನೇ ಹುಡುಕಬೇಕು.
ಎರಡು ಸಲ ಕರೆಂಟು ಹೋಯಿತು. ಬುಧವಾರ ರಾತ್ರಿ,
ಯಾವುದೋ ಒಂದು ಓರೆಯಲ್ಲಿ, ತಟ್ಟುವುದು ನಿಂತು
ಒಳಗಿಂದ ಸಣ್ಣಗೆ ಸರಸರ ಸದ್ದು.

ಹದಿನೇಳನೇ ತಾರೀಕು. ಲಾಟ್ ಇನ್ನೂರ ಹನ್ನೆರಡು.
ಇಮಾಂ ಸಾಬರ ಫಿಲೇಚರಿನಿಂದ ಅವಳನ್ನು ಕಳಿಸಿದ್ದು ಇದಕ್ಕೇ,
ಹದಿನೆಂಟು ಕೇಜಿ ಗೂಡು ಎಲ್ಲಿ ಹೋಯಿತು ಅಂತ.
ಎಂಬತ್ತಾರು ಅಂತಲೇ ಹೊಡೆದಿದ್ದೆ,
ಆಮೇಲೆ ಯಾರೋ ತಿದ್ದಿದಾರೆ ಅಂತ
ಮೂವತ್ತೊಂದು ವರ್ಷ ಹೇಳಿಕೊಂಡೇ ಬಂದಿದ್ದಳು.
ಅವತ್ತೇ ತನಗೆಂದು ತೆಗೆದಿಟ್ಟುಕೊಂಡ ಪ್ರತಿ ಇದು,
ಬೇರೆ ಯಾರ ಕೈಯೂ ತಾಗದ್ದು.
ಹಸಿರು ಅಕ್ಷರದಲ್ಲಿ ಇತ್ತು: ಅರವತ್ತೆಂಟು.

ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು.
ಅರವತ್ತೆಂಟು.
"ಟೀ ತರಿಸು" ಅಂದಳು.
ಟೀ ಕುಡಿದು, ಡಿಸ್ಕು ಕೈಗೆ ತಗೊಂಡು,
ಅಂಚಿನ ಸಣ್ಣ ಕಚ್ಚಿನ ಮೇಲೆ ಉಗುರಿಟ್ಟಳು.
"ಇದಕ್ಕೆ ಟೇಪು ಹಚ್ಚಿದ್ರೆ ಬರೆಯೋಕಾಗಲ್ಲ, ಅಲ್ವಾ?"
"ಆಗಲ್ಲ."
"ಹಚ್ಚು ಹಂಗಾದ್ರೆ. ಬೇಗ ಹಚ್ಚು.
ತಿದ್ದಿಬಿಡೋಣ ಅನ್ನಿಸ್ತೈತೆ."